ಉಳಿದ ಮಾತ್ರೆ ಮತ್ತು ಹೊಟ್ಟೆಯೊಳಗಿನ ಜೀವಿಗಳು

ಮಕ್ಕಳೇ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ನಾಲ್ಕನೇ ಜ್ವರ ಎದ್ದು ಚೆನ್ನಾಗಿ ಸೊಪ್ಪು ತಿನ್ನುತ್ತಿದ್ದ ಹುಳುಗಳು ಮಂಕಾಗಿ, ಮೈ ಮೆತ್ತಗಾಗಿ, ಕಪ್ಪಾಗಿ ಸಾಯುವುದನ್ನು ನೀವು ನೋಡಿರಬಹುದು. ಇದು ಸಪ್ಪೆ ರೋಗ. ಫ್ರಾನ್ಸಿನ ಲೂಯಿ ಪಾಶ್ಚರ್ 1865ರಿಂದ ಕೆಲವು ವರ್ಷ ರೇಷ್ಮೆ ಹುಳುಗಳ ಕಾಯಿಲೆಗಳನ್ನು ಅಭ್ಯಾಸ ಮಾಡಿ, ಗಂಟು ರೋಗವೇ ಬೇರೆ, ಸಪ್ಪೆ ರೋಗವೇ ಬೇರೆ ಎಂದು ತೋರಿಸಿದರು.

ಸಪ್ಪೆ ರೋಗಕ್ಕೆ ಕಾರಣವಾಗುವ ಬ್ಯಾಕ್ಟೀರಿಯಗಳಲ್ಲಿ ಕೆಲವು ಆರೋಗ್ಯವಾಗಿರುವ ಹುಳುವಿನ ಕರುಳಿನಲ್ಲೂ ಇರುತ್ತವೆ. ಸೆಕೆ ಹೆಚ್ಚಾಗಿ, ಗಾಳಿಯಾಡದೆ, ಒದ್ದೆ ಸೊಪ್ಪು ತಿಂದು ಹುಳು ಸೊರಗಿದಾಗ ಅವು ಮಿತಿಮೀರಿ ಬೆಳೆಯುತ್ತವೆ. ಆದರೆ ನಮ್ಮ ಪಾಠಗಳಲ್ಲಿ ಬ್ಯಾಕ್ಟೀರಿಯ ಎಂದ ಕೂಡಲೇ ರೋಗಗಳ ಪಟ್ಟಿ ಶುರುವಾಗುತ್ತದೆ. ಮೊಸರಿನ ವಿಷಯ ಒಂದು ಸಾಲಿನಲ್ಲಿ ಮುಗಿಯುತ್ತದೆ. ಇದು ಅರ್ಧ ಪಾಠ ಎಂದು ನನ್ನ ಅಭಿಪ್ರಾಯ.

ನಮ್ಮ ದೇಹದಲ್ಲೇ ಎಷ್ಟು ಬ್ಯಾಕ್ಟೀರಿಯಗಳಿವೆ ಗೊತ್ತೇ? 2016ರ ಒಂದು ಅಂದಾಜಿನಂತೆ, ದೊಡ್ಡವರ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ! ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಅವರೆಕಾಯಿ ಸಾರಿನೊಂದಿಗೆ ಮುದ್ದೆ ಉಂಡಾಗ, ನಮ್ಮ ಜೀರ್ಣರಸಗಳಿಗೆ ಕರಗದ ನಾರಿನಂಶ ಅಲ್ಲಿಗೆ ಹೋಗುತ್ತದೆ. ಬ್ಯಾಕ್ಟೀರಿಯಗಳು ಅದನ್ನು ಹುಳಿಸಿ ಕೆಲವು ಆಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಈ ಆಮ್ಲಗಳೇ ಮುಖ್ಯ ಆಹಾರ. (ಅವರೆಕಾಯಿ ತಿಂದ ರಾತ್ರಿ ಹೊಟ್ಟೆ ಉಬ್ಬರಿಸುವುದೂ ಇವುಗಳ ಕೆಲಸವೇ.)

ನಾವು ನುಂಗುವ ಔಷಧಿಯನ್ನೂ ಇವು ಬಿಡುವುದಿಲ್ಲ. ಡಿಗಾಕ್ಸಿನ್ ಎಂಬುದು ಹೃದಯದ ಕಾಯಿಲೆಗೆ ಕೊಡುವ ಔಷಧಿ. ಕೆಲವರ ಕರುಳಿನಲ್ಲಿರುವ ಎಗರ್ಥೆಲ್ಲ ಲೆಂಟ ಎಂಬ ಬ್ಯಾಕ್ಟೀರಿಯ ಇದನ್ನು ಕೆಲಸಕ್ಕೆ ಬಾರದ ವಸ್ತುವಾಗಿ ಬದಲಿಸಿಬಿಡುತ್ತದೆ. ದಕ್ಷಿಣ ಭಾರತದವರನ್ನೂ ನ್ಯೂಯಾರ್ಕಿನವರನ್ನೂ ಹೋಲಿಸಿದ ಅಧ್ಯಯನವೊಂದು 1989ರಲ್ಲಿ ಪ್ರಕಟವಾಯಿತು. ನ್ಯೂಯಾರ್ಕಿನವರಲ್ಲಿ ನೂರಕ್ಕೆ ಸುಮಾರು 36 ಮಂದಿಯ ದೇಹದಲ್ಲಿ ಈ ಬದಲಾವಣೆ ಕಂಡಿತು. ನಮ್ಮವರಲ್ಲಿ ಸುಮಾರು 14 ಮಂದಿಯಲ್ಲಿ ಮಾತ್ರ. ಔಷಧಿ ಒಂದೇ, ಹೊಟ್ಟೆ ಬೇರೆ ಬೇರೆ. ಕರುಳಿನ ಹುಣ್ಣಿಗೆ ಕೊಡುವ ಸಲ್ಫಾಸಲಜೀನ್ ಇದಕ್ಕೆ ತಿರುಗುಮುರುಗು. ಬ್ಯಾಕ್ಟೀರಿಯಗಳು ಅದನ್ನು ಒಡೆದರೇ ಅದು ಕೆಲಸ ಮಾಡುವುದು.

1981ರಲ್ಲಿ ಇನ್ನೊಂದು ಸಂಗತಿ ತಿಳಿದುಬಂತು. ಕರುಳಿನಲ್ಲಿ ಡಿಗಾಕ್ಸಿನ್ ಕೆಡುತ್ತಿದ್ದ ವ್ಯಕ್ತಿಗಳಿಗೆ ಆ್ಯಂಟಿಬಯಾಟಿಕ್ ಕೊಟ್ಟಾಗ ಆ ಬ್ಯಾಕ್ಟೀರಿಯಗಳ ಕೆಲಸ ನಿಂತು, ರಕ್ತದಲ್ಲಿ ಡಿಗಾಕ್ಸಿನ್ ಪ್ರಮಾಣ ಏರಿತು. ಡಿಗಾಕ್ಸಿನ್ ಸ್ವಲ್ಪ ಹೆಚ್ಚಾದರೂ ವಿಷ.

ಈಗ ನಮ್ಮ ಊರುಗಳ ಮಾತಿಗೆ ಬರೋಣ. "ಪಕ್ಕದ ಮನೆಯವರಿಗೆ ಈ ಮಾತ್ರೆಯಲ್ಲಿ ವಾಸಿಯಾಯಿತು, ನೀನೂ ಒಂದು ನುಂಗು" ಎಂದು ಉಳಿದ ಮಾತ್ರೆ ಕೊಡುವುದು ಉಪಕಾರವೆಂದೇ ನಡೆಯುತ್ತದೆ. ನೆಗಡಿಗೂ ಆ್ಯಂಟಿಬಯಾಟಿಕ್ ನುಂಗುತ್ತಾರೆ. ನೆಗಡಿ ತರುವುದು ವೈರಸ್, ಅದಕ್ಕೆ ಈ ಮಾತ್ರೆ ನಾಟುವುದೇ ಇಲ್ಲ. ನಾಟುವುದು ಕರುಳಿನ ಬ್ಯಾಕ್ಟೀರಿಯಗಳಿಗೆ. ಅವು ಸತ್ತು ಖಾಲಿಯಾದ ಜಾಗದಲ್ಲಿ ಕೆಟ್ಟವು ಹೆಚ್ಚಿ ಭೇದಿ ಶುರುವಾಗಬಹುದು. ಹುಳು ಮನೆಯಲ್ಲಿ ಸೊಪ್ಪು, ಗಾಳಿ, ಸೆಕೆ ಎಲ್ಲವನ್ನೂ ಲೆಕ್ಕವಿಟ್ಟು ನೋಡಿಕೊಳ್ಳುವವರು ಮಕ್ಕಳ ಹೊಟ್ಟೆಯ ವಿಷಯದಲ್ಲಿ ಇಷ್ಟು ಉದಾಸೀನ ಮಾಡುವುದು ನನಗೆ ಸರಿಕಾಣದು.

ವೈದ್ಯರು ಬರೆದುಕೊಟ್ಟ ಆ್ಯಂಟಿಬಯಾಟಿಕ್ ಬೇರೆ ಮಾತು. ಅದನ್ನು ಅವರು ಹೇಳಿದಷ್ಟು ದಿನ ತೆಗೆದುಕೊಳ್ಳಲೇಬೇಕು. ನ್ಯುಮೋನಿಯದಂತಹ ರೋಗಗಳಲ್ಲಿ ಅದು ಜೀವ ಉಳಿಸುತ್ತದೆ.

ಶಿಕ್ಷಕರಲ್ಲಿ ಒಂದು ಕೋರಿಕೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಮಾತ್ರೆಗಳ ಹಾಳೆಯ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ಈ ಗೆರೆಯ ಬಗ್ಗೆ ಪ್ರಚಾರವನ್ನೂ ಮಾಡಿತು. ಖಾಲಿ ಹಾಳೆಯೊಂದನ್ನು ತರಗತಿಗೆ ತಂದು ತೋರಿಸಿ. ಸಂಜೆ ಮನೆಗೆ ಹೋದ ಮಕ್ಕಳು, ಡಬ್ಬಿಯಲ್ಲಿ ಉಳಿದಿರುವ ಮಾತ್ರೆಗಳ ಮೇಲೆ ಆ ಗೆರೆ ಇದೆಯೇ ಎಂದು ಅಪ್ಪ ಅಮ್ಮನ ಜೊತೆ ಕೂತು ನೋಡಲಿ.