ಕಣಜ ತುಂಬಿದವನು ಬೆಲೆ ಕೇಳಬಾರದೆ?



ಕಳೆದ ಸುಗ್ಗಿಯಲ್ಲಿ ನಮ್ಮ ಹೊಲ ನೋಡಲು ಪೇಟೆಯಿಂದ ಒಂದಷ್ಟು ಜನ ಬಂದಿದ್ದರು. ರಾಗಿ ಮೆದೆ ನೋಡಿದರು, ಅವರೆಕಾಯಿಯ ಸೊಗಡು ಮೂಸಿದರು, ಕೊಟ್ಟಿಗೆ ಮುಂದೆ ನಿಂತು ಫೋಟೋ ಹಿಡಿಸಿಕೊಂಡರು. ನಮ್ಮ ಮನೆಯಾಕೆ ಮುದ್ದೆ, ಹಿತಕಬೇಳೆ ಸಾರು ಬಡಿಸಿದಳು. ಉಂಡು ಕೈ ತೊಳೆದ ಮೇಲೆ ಅವರಲ್ಲಿ ಒಬ್ಬ ದೊಡ್ಡ ಮನುಷ್ಯರು ಅಂದರು: "ಯಜಮಾನ್ರೇ, ನಿಮ್ಮದು ರಾಜನ ಬದುಕು. ರಾಗಿ ನಿಮ್ಮದೇ, ಹಾಲು ನಿಮ್ಮದೇ, ಗೊಬ್ಬರ ನಿಮ್ಮದೇ. ನಿಮಗ್ಯಾಕ್ರೀ ಬೆಂಬಲ ಬೆಲೆ, ಧರಣಿ, ಚಳವಳಿ?"

ನಾನು ಬಾಯಿ ತೆಗೆಯುವಷ್ಟರಲ್ಲಿ ಮನೆಯಾಕೆ ಹೇಳಿದಳು: "ಅಷ್ಟು ಚೆನ್ನಾಗಿದ್ರೆ ನಿಮ್ಮ ಸಂಬಳ ಬಿಟ್ಟು ಬನ್ನಿ ಸ್ವಾಮಿ. ನಾಳೆ ನಾಲ್ಕೂವರೆಗೆ ಎಬ್ಬಿಸ್ತೀನಿ."

ಎಲ್ಲರೂ ನಕ್ಕರು. ಆದರೆ ಆ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ. ಅದನ್ನು ಇವತ್ತು ಪೇಟೆಯವರು ಕೇಳುತ್ತಾರೆ, ಸರ್ಕಾರದವರು ಕೇಳುತ್ತಾರೆ, ನಮ್ಮಲ್ಲೇ ಸಾವಯವ ಅಂತ ಹೆಸರು ಮಾಡಿದ ಕೆಲವರೂ ಕೇಳುತ್ತಾರೆ. ಆದ್ದರಿಂದ ಲೆಕ್ಕ ಬಿಚ್ಚಿ ಹೇಳುತ್ತೇನೆ.

ನಮ್ಮದು ಬಯಲುಸೀಮೆಯ ನಾಲ್ಕು ಎಕರೆ ಖುಷ್ಕಿ. ಎರಡು ಎಕರೆಗೆ ರಾಗಿ. ರಾಗಿ ಅಂದರೆ ಬರೀ ರಾಗಿ ಅಲ್ಲ. ಕೂರಿಗೆ ಹಿಂದೆ ಅಕ್ಕಡಿ ಕಾಳು ಬಿಡುತ್ತೇವೆ. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ನಾಕು ಸಾಲು ಜೋಳ. ಅಂಚಿಗೆ ಹರಳು. ಮಳೆ ಕೈಕೊಟ್ಟು ರಾಗಿ ಹೋದರೆ ತೊಗರಿ ಉಳಿಯುತ್ತೆ. ತೊಗರಿಯೂ ಹೋದರೆ ಚಳಿಗಾಲದ ಇಬ್ಬನಿ ಕುಡಿದು ಅವರೆ ಕಾಯಿ ಕಟ್ಟುತ್ತೆ. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತೆ. ಜೋಳದ ತೆನೆ ಮೇಲೆ ಕೂತ ಹಕ್ಕಿ ಹುಳು ಹೆಕ್ಕುತ್ತೆ. ಈ ಬುದ್ಧಿಯನ್ನು ನಮಗೆ ಯಾವ ವಿಶ್ವವಿದ್ಯಾಲಯವೂ ಕಲಿಸಲಿಲ್ಲ, ಅಪ್ಪ ಅಜ್ಜಂದಿರು ಕೊಟ್ಟು ಹೋದದ್ದು.

ಬೆಳಗ್ಗೆ ಎದ್ದರೆ ಮೊದಲು ಕೊಟ್ಟಿಗೆ. ಸಗಣಿ ಬಾಚಿ ತಿಪ್ಪೆಗೆ, ಗಂಜಲ ಗುಂಡಿಗೆ. ಹಾಲು ಕರೆದು ಮನೆಗೆ ಒಂದು ಚೊಂಬು ಇಟ್ಟುಕೊಂಡು ಮಿಕ್ಕದ್ದು ಡೇರಿಗೆ. ಬದುವಿನ ಹೊಂಗೆ ಸೊಪ್ಪು ಕಡಿದು ಕೊಟ್ಟಿಗೆಗೆ ಹಾಸಿದರೆ ಅದೂ ಗೊಬ್ಬರ. ಬೇಸಿಗೆಯಲ್ಲಿ ಕೆರೆಗೋಡು ಹೊಡೆಯುತ್ತೇವೆ. ಬಿತ್ತನೆ ರಾಗಿ ಅಂಗಡಿಯಿಂದ ತರುವುದಿಲ್ಲ. ಕಣದಲ್ಲೇ ಒಳ್ಳೆ ತೆನೆ ಆರಿಸಿ ಎತ್ತಿಡುತ್ತೇವೆ. ರಾಗಿ ತಳಿ ವರ್ಷದಿಂದ ವರ್ಷಕ್ಕೆ ಕೆಡುವುದಿಲ್ಲ. ಅವರೆ, ತೊಗರಿ ಬೀಜಕ್ಕೆ ಬೂದಿ ಕಲಸಿ ಮಡಕೆಯಲ್ಲಿ ಕಟ್ಟಿಡುವವಳು ನನ್ನ ತಾಯಿ. ಹಿತ್ತಲಲ್ಲಿ ನುಗ್ಗೆ, ಕರಿಬೇವು, ಕುಂಬಳ, ಬದನೆ. ಹೊಲದಲ್ಲಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು. ಸಾರಿಗೆ ಏನೂ ಇಲ್ಲ ಅಂತ ನಮ್ಮ ಮನೆಯಲ್ಲಿ ಹೇಳಿದ ದಿನ ಇಲ್ಲ.

ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಪೆಟ್ಟು ತಿಂದು ಕಲಿತದ್ದು. 2009ರಲ್ಲಿ ನಾನೂ ಎಲ್ಲರ ಹಾಗೆ ಬೋರ್ ಕೊರೆಸಿದೆ. ಏಳುನೂರು ಅಡಿಗೆ ಒಂದೂವರೆ ಇಂಚು ನೀರು. ಸಾಲ ಮಾಡಿ ಟೊಮೆಟೊ ಇಟ್ಟೆ. ಬೀಜ ಅಂಗಡಿಯದು, ಗೊಬ್ಬರ ಅಂಗಡಿಯದು, ಔಷಧಿ ಅಂಗಡಿಯದು, ಕಡ್ಡಿ ದಾರ ಕೂಡ ಅಂಗಡಿಯದು. ಕಾಯಿ ಬಂದ ದಿನ ಮಂಡಿಯಲ್ಲಿ ಬಾಕ್ಸಿಗೆ ಕೇಳಿದ ಬೆಲೆ ಕೀಳುವ ಕೂಲಿಗೂ ಸಾಲಲಿಲ್ಲ. ಹಣ್ಣನ್ನು ದನಗಳ ಮುಂದೆ ಸುರಿದೆ. ಮರುವರ್ಷ ಬೋರೂ ಬತ್ತಿತು. ಉಳಿದದ್ದು ಎರಡು ಲಕ್ಷದ ಎಂಬತ್ತು ಸಾವಿರ ಸಾಲ. ಮನೆಯಾಕೆಯ ಓಲೆ ಅಡವು ಅಂಗಡಿ ಸೇರಿದವು. ಆ ವರ್ಷ ನಾವು ರಾಗಿಯನ್ನೂ ದುಡ್ಡು ಕೊಟ್ಟು ತಂದು ತಿಂದೆವು. ಹೊಲ ಇದ್ದೂ ಸಂತೆಯಲ್ಲಿ ರಾಗಿ ಅಳೆಸಿಕೊಂಡ ರೈತನ ಮುಖ ಹೇಗಿರುತ್ತೆ ಅನ್ನುವುದು ನನಗೆ ಗೊತ್ತು.

ಅಲ್ಲಿಂದ ಅಕ್ಕಡಿಗೆ, ತಿಪ್ಪೆಗೆ ಮರಳಿದೆವು. ಸಾಲ ತೀರುವುದಕ್ಕೆ ಹನ್ನೊಂದು ವರ್ಷ ಹಿಡಿಯಿತು. ಆದ್ದರಿಂದ ಸ್ವಾವಲಂಬನೆಯ ಮಹಿಮೆಯನ್ನು ಪೇಟೆಯವರು ನನಗೆ ಹೇಳಿಕೊಡಬೇಕಾಗಿಲ್ಲ.

ಈಗ ಲೆಕ್ಕದ ಇನ್ನೊಂದು ಪುಟ ನೋಡಿ. ನಮ್ಮ ಹೊಲದಲ್ಲಿ ಉಪ್ಪು ಬೆಳೆಯುತ್ತದೆಯೆ? ಬಟ್ಟೆ, ಸೀಮೆಂಟು, ಬಸ್ ಚಾರ್ಜು, ಗ್ಯಾಸ್ ಸಿಲಿಂಡರು, ಹಸುವಿನ ಬೂಸಾ, ಮಕ್ಕಳ ಕಾಲೇಜು ಫೀಜು, ಮೊಬೈಲ್ ಕರೆನ್ಸಿ, ಟ್ರ್ಯಾಕ್ಟರ್ ಬಾಡಿಗೆ, ಆಸ್ಪತ್ರೆ ಬಿಲ್ಲು, ಇವು ಯಾವ ಅಕ್ಕಡಿ ಸಾಲಿನಲ್ಲಿ ಮೊಳೆಯುತ್ತವೆ? ಹೊಟ್ಟೆಗೆ ಬೇಕಾದದ್ದನ್ನು ನಾವು ಬೆಳೆಯುತ್ತೇವೆ, ಸರಿ. ಬದುಕಿಗೆ ಬೇಕಾದದ್ದನ್ನು ಕೊಳ್ಳಲೇಬೇಕು. ಕೊಳ್ಳುವಾಗ ಬೆಲೆ ಕಟ್ಟುವವರು ಅವರು. ಮಾರುವಾಗ ಬೆಲೆ ಕಟ್ಟುವವರೂ ಅವರೇ. ಇದು ಯಾವ ಸೀಮೆ ನ್ಯಾಯ?

2022ರ ಸುಗ್ಗಿಯಲ್ಲಿ ನಮಗೆ ಹದಿನೆಂಟು ಕ್ವಿಂಟಾಲ್ ರಾಗಿ ಆಯಿತು. ಮನೆಗೆ, ಬಿತ್ತನೆಗೆ, ಮಗಳ ಮನೆಗೆ, ಬಂದು ಹೋಗುವವರಿಗೆ ಅಂತ ಎಂಟು ಇಟ್ಟೆವು. ಹತ್ತು ಮಾರಾಟಕ್ಕೆ. ಆ ಸಾಲಿನ ಬೆಂಬಲ ಬೆಲೆ 3,578 ರೂಪಾಯಿ. ಆದರೆ ಕಣದಿಂದ ರಾಶಿ ಎತ್ತುವಾಗ ಖರೀದಿ ಕೇಂದ್ರ ಇನ್ನೂ ಬಾಗಿಲು ತೆರೆದಿರಲಿಲ್ಲ. ಅದೇ ವಾರ ಮನೆಯಾಕೆಗೆ ಹೊಟ್ಟೆಯ ಆಪರೇಷನ್ ಆಗಬೇಕಾಯಿತು. ಹೊಟ್ಟೆನೋವು ಖರೀದಿ ಕೇಂದ್ರಕ್ಕೆ ಕಾಯುತ್ತದೆಯೆ? ಮನೆ ಬಾಗಿಲಿಗೆ ಬಂದ ದಲ್ಲಾಳಿಗೆ 2,400ರಂತೆ ಹಾಕಿದೆ. ಕ್ವಿಂಟಾಲಿಗೆ 1,178, ಹತ್ತು ಕ್ವಿಂಟಾಲಿಗೆ 11,780 ರೂಪಾಯಿ ಹೋಯಿತು. ವಿಷ ಹಾಕದ, ಸಾಲ ಮಾಡದ, ಸಗಣಿ ಗೊಬ್ಬರದಲ್ಲಿ ಬೆಳೆದ ರಾಗಿ ಅದು. ದಲ್ಲಾಳಿಯ ತಕ್ಕಡಿಗೆ ಅದೆಲ್ಲ ತಿಳಿಯುವುದಿಲ್ಲ.

ಹಾಗಾದರೆ ಬೆಂಬಲ ಬೆಲೆಯಾದರೂ ನ್ಯಾಯವೆ? 2025-26ರ ಸಾಲಿಗೆ ರಾಗಿಗೆ ಘೋಷಿಸಿದ್ದು 4,886 ರೂಪಾಯಿ. ಖರ್ಚಿನ ಒಂದೂವರೆ ಪಟ್ಟು ಕೊಟ್ಟಿದ್ದೇವೆ ಅನ್ನುತ್ತಾರೆ. ಯಾವ ಖರ್ಚು? ಕೈಯಿಂದ ಬಿದ್ದ ಖರ್ಚು ಮತ್ತು ಮನೆಯವರ ದುಡಿಮೆ, ಇಷ್ಟೇ. ಆ ಲೆಕ್ಕದಲ್ಲಿ ನಮ್ಮ ಸ್ವಂತ ಜಮೀನಿಗೆ ಗುತ್ತಿಗೆ ಇಲ್ಲ. ಬಾವಿ, ನೇಗಿಲು, ಕೊಟ್ಟಿಗೆಗೆ ಹಾಕಿದ ನಮ್ಮ ಹಣಕ್ಕೆ ಬಡ್ಡಿ ಇಲ್ಲ. ಇವೆಲ್ಲ ಸೇರಿದ ಪೂರ್ತಿ ಖರ್ಚನ್ನೂ ಸರ್ಕಾರದ ಬೆಲೆ ಆಯೋಗವೇ ಲೆಕ್ಕ ಹಾಕುತ್ತೆ. ಒಂದೂವರೆ ಪಟ್ಟು ಕೊಡುವಾಗ ಮಾತ್ರ ಸಣ್ಣ ಲೆಕ್ಕವನ್ನು ಹಿಡಿದುಕೊಳ್ಳುತ್ತಾರೆ. ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ 2006ರಲ್ಲಿ ವರದಿ ಮುಗಿಸಿಕೊಟ್ಟಿತು. ಖರ್ಚಿನ ಮೇಲೆ ಕನಿಷ್ಠ ಅರ್ಧದಷ್ಟು ಹೆಚ್ಚು ಕೊಡಿ ಅಂತ ಅದು ಹೇಳಿತು. ಆ ಖರ್ಚು ಪೂರ್ತಿ ಖರ್ಚಾಗಬೇಕು ಅನ್ನುವುದು ನಮ್ಮ ಬೇಡಿಕೆ. ಪೇಟೆಯವನು ಸ್ವಂತ ಮಳಿಗೆಯಲ್ಲಿ ಅಂಗಡಿ ಇಟ್ಟರೂ ಬಾಡಿಗೆ ಸೇರಿಸಿಯೇ ಸಾಮಾನು ಮಾರುತ್ತಾನೆ. ನಮ್ಮ ಭೂಮಿಗೇಕೆ ಬಾಡಿಗೆ ಇಲ್ಲ?

2019ರ ಜುಲೈ ಬಜೆಟ್ಟಿನಲ್ಲಿ ಶೂನ್ಯ ಬಂಡವಾಳದ ಕೃಷಿಯನ್ನು ಹೊಗಳಿದರು. ಶೂನ್ಯ ಅನ್ನುವ ಮಾತು ಸರ್ಕಾರಕ್ಕೆ ಬಹಳ ಹಿಡಿಸಿತು, ಯಾಕೆಂದರೆ ಕೊಡುವುದೂ ಶೂನ್ಯ ಆಗಬಹುದಲ್ಲ! 2024ರ ನವೆಂಬರಿನಲ್ಲಿ ನೈಸರ್ಗಿಕ ಕೃಷಿಗೆ ರಾಷ್ಟ್ರೀಯ ಮಿಷನ್ ಅಂತ ಒಪ್ಪಿಗೆ ಕೊಟ್ಟರು. ಕೇಂದ್ರ, ರಾಜ್ಯ ಎರಡೂ ಸೇರಿ 2,481 ಕೋಟಿ ರೂಪಾಯಿ, ತಲುಪಬೇಕಾದ ರೈತರು ಒಂದು ಕೋಟಿ. ಭಾಗಿಸಿ ನೋಡಿ: ತಲೆಗೆ ಎರಡೂವರೆ ಸಾವಿರವೂ ಬೀಳುವುದಿಲ್ಲ. ನಮ್ಮದು ಶೂನ್ಯ ಬಂಡವಾಳ ಅಲ್ಲ ಸ್ವಾಮಿ. ಹೆಂಗಸಿನ ಸೊಂಟ, ಮುದುಕಿಯ ಕಣ್ಣು, ಗಂಡಸಿನ ಮಂಡಿ, ಇವೇ ನಮ್ಮ ಬಂಡವಾಳ. ಮಣ್ಣು ಉಳಿಸಿದ್ದು ನಾವು, ಕೆರೆಗೆ ವಿಷ ಹರಿಯದ ಹಾಗೆ ನೋಡಿಕೊಂಡದ್ದು ನಾವು. ಹಾಗಿದ್ದೂ ಇಂಥ ರಾಗಿಗೆ ಬೇರೆ ಬೆಂಬಲ ಬೆಲೆ ಅಂತ ಒಂದು ಪೈಸೆ ಇಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಒಮ್ಮೆ ಊರಿನ ಸಭೆಯಲ್ಲಿ ಮೈಮರೆತು, "ಬೆಲೆ ಬೆಲೆ ಅಂತ ಅಳಬೇಡಿ, ನನ್ನ ಹಾಗೆ ಬದುಕೋದು ಕಲೀರಿ" ಅಂತ ಹುಡುಗರಿಗೆ ಬುದ್ಧಿ ಹೇಳಿದೆ. ರಾತ್ರಿ ಮಗ ಕೇಳಿದ: "ಅಪ್ಪಾ, ಅವ್ವನ ಆಪರೇಷನ್‌ಗೆ ಮಿಕ್ಕ ದುಡ್ಡು ಎಲ್ಲಿಂದ ಬಂತು?" ಅವನು ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ದುಡಿದು ಕಳಿಸಿದ್ದು. ನನ್ನ ಬಾಯಿ ಕಟ್ಟಿಹೋಯಿತು. ಅವನಿಗೆ ಹೊಲದ ಮೇಲೆ ದ್ವೇಷ ಇಲ್ಲ. ಕೂರಿಗೆ ಹಿಡಿದರೆ ಸಾಲು ದಾರ ಹಿಡಿದ ಹಾಗೆ ಬರುತ್ತೆ. ಆದರೆ, "ಉಣ್ಣೋದಕ್ಕೆ ಉಂಟು, ಮದುವೆ ಮಾಡ್ಕೊಂಡು ಮಕ್ಕಳನ್ನ ಓದಿಸೋದಕ್ಕೆ ಇಲ್ವಲ್ಲಪ್ಪ" ಅನ್ನುತ್ತಾನೆ. ಅವನು ಬಾರದಿದ್ದರೆ ನನ್ನ ತಿಪ್ಪೆ, ನನ್ನ ಅಕ್ಕಡಿ, ತಾಯಿಯ ಬೀಜದ ಮಡಕೆ ಎಲ್ಲ ನನ್ನ ಜೊತೆಗೇ ಮುಗಿಯುತ್ತೆ. ಆಮೇಲೆ ಆ ನಾಲ್ಕು ಎಕರೆಗೆ ಲೇಔಟಿನವನು ಕಲ್ಲು ನೆಡುತ್ತಾನೆ. ಫೋಟೋ ಹಿಡಿಸಿಕೊಂಡವರಲ್ಲೇ ಒಬ್ಬರು ಸೈಟು ಕೊಂಡರೂ ಕೊಂಡರು.

ಹಾಗಾದರೆ ಸ್ವಾವಲಂಬನೆ ಬೇಡವೆ? ಬೇಕೇ ಬೇಕು. ಅದು ಬೆಲೆಯ ಬದಲಿಗೆ ಅಲ್ಲ, ಬೆಲೆ ಕೇಳುವ ಶಕ್ತಿಗೆ. ಮನೆಯಲ್ಲಿ ರಾಗಿ ಇಲ್ಲದವನು ಧರಣಿಯಲ್ಲಿ ಮೂರು ದಿನ ಕೂರಲಾರ. ಬೀಜ ಗೊಬ್ಬರವನ್ನು ಉದ್ದರಿ ತಂದವನು ಬೆಳೆ ಎತ್ತಿದ ದಿನವೇ ಅಂಗಡಿಯವನ ಕೈಗೆ ಒಪ್ಪಿಸಬೇಕು. ಕಣಜ ತುಂಬಿದವನು ಮಾತ್ರ, "ಈ ಬೆಲೆಗೆ ಕೊಡೋದಿಲ್ಲ, ಹೋಗಯ್ಯ" ಅನ್ನಬಲ್ಲ. ರಾಗಿಗೆ ಹುಳು ಬೀಳುವುದಿಲ್ಲ. ನಮ್ಮ ಹಿರಿಯರು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಹಗೇವು ಬರಗಾಲಕ್ಕೆ ಮಾತ್ರ ಇದ್ದದ್ದಲ್ಲ, ಸಾಹುಕಾರನ ಮುಂದೆ ತಲೆ ಎತ್ತಿ ನಿಲ್ಲುವುದಕ್ಕೂ ಇತ್ತು.

ಆದ್ದರಿಂದ ಬಂಧುಗಳೇ, ಎರಡು ಕೆಲಸ ಮಾಡೋಣ. ಮನೆಯ ಒಳಗೆ: ಒಂದು ವರ್ಷದ ರಾಗಿ, ಬೇಳೆ, ಬೀಜ ಎತ್ತಿಡದೆ ಒಂದು ಸೇರನ್ನೂ ಮಾರಬೇಡಿ. ಎಷ್ಟೇ ಬೋರಿನ ಬೆಳೆ ಇರಲಿ, ಒಂದು ಎಕರೆ ಅಕ್ಕಡಿಗೆ ಬಿಡಿ. ಹೆಂಡತಿಯ ಓಲೆ ಇಟ್ಟು ಬೋರ್ ಕೊರೆಸಬೇಡಿ. ಮನೆಯ ಹೊರಗೆ: ಕಣ ಮಾಡುವ ಮೊದಲೇ ಖರೀದಿ ಕೇಂದ್ರ ತೆರೆಯಿರಿ, ಪೂರ್ತಿ ಖರ್ಚಿನ ಮೇಲೆ ಅರ್ಧ ಸೇರಿಸಿ ಬೆಲೆ ಕೊಡಿ ಅಂತ ಹೋಬಳಿ ಹೋಬಳಿಯಲ್ಲೂ ಕೇಳಿ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಎರಡೂ ಉಳಿಯುವುದಿಲ್ಲ.

ಮುಂದಿನ ಸುಗ್ಗಿಗೂ ಪೇಟೆಯವರು ಬರಲಿ, ಮುದ್ದೆ ಬಡಿಸುತ್ತೇವೆ. ಅನ್ನ ಹಾಕಲು ನಾವು ಹಿಂದೆ ಸರಿದವರಲ್ಲ. ಆದರೆ ಉಂಡವರು ಏಳುವಾಗ ನಮ್ಮ ರಾಗಿಯ ಬೆಲೆ ಎಷ್ಟು ಅಂತ ಕೇಳಿ ಹೋಗಲಿ.