ಗದರಿಕೆಯ ಜಮಾಖರ್ಚು

2003ರ ಫೆಬ್ರುವರಿ 15. ಓಲ್ಡ್ ಟ್ರಾಫರ್ಡ್‌ನಲ್ಲಿ ಆರ್ಸೆನಲ್‌ಗೆ 2-0ರಿಂದ ಸೋತು ಒಳಬಂದ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಆಟಗಾರರ ಮುಂದೆ ಕೋಚ್ ಅಲೆಕ್ಸ್ ಫರ್ಗುಸನ್ ಕೆಂಡಾಮಂಡಲವಾಗಿದ್ದರು. ನೆಲದ ಮೇಲೆ ಬಿದ್ದಿದ್ದ ಬೂಟಿಗೆ ಒದ್ದರು. ಅದು ಹಾರಿ ಡೇವಿಡ್ ಬೆಕಂ ಅವರ ಕಣ್ಣಿನ ಮೇಲ್ಭಾಗಕ್ಕೆ ಬಡಿಯಿತು. ಬೆಕಂ ಕೂದಲನ್ನು ಹಿಂದಕ್ಕೆ ಬಾಚಿ, ಗಾಯ ಊರಿಗೆಲ್ಲ ಕಾಣುವಂತೆ ಓಡಾಡಿದರು. ಆ ಬೇಸಿಗೆಯಲ್ಲೇ ರಿಯಲ್ ಮ್ಯಾಡ್ರಿಡ್ ಸೇರಿದರು. ಸುದ್ದಿ ಓದಿ ನಮ್ಮಲ್ಲಿ ಎಷ್ಟೋ ಜನ ನಕ್ಕಿದ್ದುಂಟು. ಕೋಚ್ ಅಂದರೆ ಹೀಗಿರಬೇಕು ಎಂದದ್ದೂ ಉಂಟು. ಮೇಷ್ಟ್ರ ಬೆತ್ತದ ರುಚಿ ಕಂಡು ಬೆಳೆದವರು ನಾವು. ಬೇರೆಯವರ ಹುಬ್ಬು ಒಡೆದಾಗ ನಮ್ಮ ಕಣ್ಣಿಗೆ ಶಿಸ್ತು ಕಾಣುತ್ತದೆ.

ಫರ್ಗುಸನ್ 2013ರ ಮೇ ತಿಂಗಳಲ್ಲಿ ಕುರ್ಚಿ ಬಿಟ್ಟರು. ಇಪ್ಪತ್ತಾರು ವರ್ಷಕ್ಕೂ ಮಿಕ್ಕಿದ ಅವಧಿ, 38 ಪ್ರಶಸ್ತಿಗಳು, ಅದರಲ್ಲಿ 13 ಲೀಗ್ ಕಿರೀಟಗಳು. ಅಲ್ಲಿಂದೀಚೆಗೆ ದಶಕವೇ ದಾಟಿದೆ, ಲೀಗ್ ಕಿರೀಟ ಮಾತ್ರ ಆ ಕ್ಲಬ್ಬಿನ ಬಾಗಿಲಿಗೆ ಬಂದಿಲ್ಲ. ಹಳೆಯ ಗದರಿಕೆ ಹೋಯಿತು, ಅದಕ್ಕೇ ಹೀಗಾಯಿತು ಎನ್ನುವವರು ಬಹಳ ಮಂದಿ. ಅಷ್ಟು ಸುಲಭದ ಲೆಕ್ಕ ಇದಲ್ಲ.

1986ರ ನವೆಂಬರಿನಲ್ಲಿ ಅವರು ಬಂದಾಗ ಯುನೈಟೆಡ್‌ನಲ್ಲಿ ಕುಡಿತವೇ ಸಂಸ್ಕೃತಿ. ಪ್ರೇಕ್ಷಕರ ಕಣ್ಮಣಿಗಳಾಗಿದ್ದ ಪಾಲ್ ಮೆಕ್‌ಗ್ರಾ, ನಾರ್ಮನ್ ವೈಟ್‌ಸೈಡ್ ಇಬ್ಬರನ್ನೂ 1989ರಲ್ಲಿ ಮಾರಿಬಿಟ್ಟರು. ಮೂರು ವರ್ಷ ಕಳೆದರೂ ಕಪ್ಪಿಲ್ಲ, ಗ್ಯಾಲರಿಯಿಂದ ‘ತೊಲಗು’ ಎಂಬ ಕೂಗು. ಆಡಳಿತ ಮಂಡಳಿ ಕದಲಲಿಲ್ಲ. 1990ರಲ್ಲಿ ಎಫ್‌ಎ ಕಪ್ ಬಂತು. 1993ರಲ್ಲಿ, ಇಪ್ಪತ್ತಾರು ವರ್ಷಗಳ ಬರ ನೀಗಿ, ಲೀಗ್ ಬಂತು. ಅವರ ಗಂಟಲಿಗಿಂತ ದೊಡ್ಡ ಬಲ ಈ ಮಂಡಳಿಯ ತಾಳ್ಮೆಯದು. ಈ ಮನುಷ್ಯ ನಾಳೆಯೂ ಇಲ್ಲೇ ಇರುತ್ತಾನೆ, ನಾನಿರುವುದೇ ಅನುಮಾನ ಎಂಬುದು ಪ್ರತಿ ಆಟಗಾರನಿಗೂ ಗೊತ್ತಿತ್ತು.

ಹಾಗೆಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೇ? ಇಲ್ಲ. 1995ರಲ್ಲಿ ಸೆಲ್ಹರ್ಸ್ಟ್ ಪಾರ್ಕಿನಲ್ಲಿ ಪ್ರೇಕ್ಷಕನ ಎದೆಗೆ ಹಾರಿ ಒದ್ದ ಎರಿಕ್ ಕ್ಯಾಂಟೊನಾ ನಿಷೇಧದಿಂದ ಬೇಸತ್ತು ಹೊರಟು ನಿಂತಾಗ, ಫರ್ಗುಸನ್ ಪ್ಯಾರಿಸ್‌ವರೆಗೂ ಹೋಗಿ ಮನವೊಲಿಸಿ ಕರೆತಂದರು. 2001ರಲ್ಲಿ ಯಾಪ್ ಸ್ಟಾಮ್ ಅವರ ಆತ್ಮಕತೆ ಹೊರಬಂದ ಬೆನ್ನಿಗೇ ಅವರನ್ನು ಲಾಟ್ಸಿಯೊಗೆ ಸಾಗಹಾಕಿದರು. ಅದು ತಪ್ಪಾಯಿತೆಂದು ಆಮೇಲೆ ತಾವೇ ಒಪ್ಪಿಕೊಂಡರು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ.

ನನಗೆ ಇಂದಿಗೂ ಕಾಡುವುದು ರಾಯ್ ಕೀನ್ ಪ್ರಕರಣ. 1997ರಿಂದ ನಾಯಕ. ಮೈದಾನದಲ್ಲಿ ಫರ್ಗುಸನ್ ಅವರ ನಾಲಿಗೆಯೇ ಆಗಿದ್ದ ಮನುಷ್ಯ. ಅಭ್ಯಾಸದಲ್ಲಿ ಸಡಿಲ ಪಾಸ್ ಕೊಟ್ಟವನನ್ನೂ ಬಿಡುತ್ತಿರಲಿಲ್ಲ. 2005ರ ಅಕ್ಟೋಬರಿನಲ್ಲಿ ಮಿಡಲ್ಸ್‌ಬರೊ ಎದುರು ತಂಡ 4-1ರಿಂದ ಸೋತಾಗ, ಗಾಯಗೊಂಡು ಹೊರಗಿದ್ದ ಕೀನ್ ಕ್ಲಬ್ಬಿನದೇ ಟಿವಿಯಲ್ಲಿ ಜೊತೆಗಾರರ ಹೆಸರು ಹಿಡಿದು ಜಾಡಿಸಿದರು. ಕ್ಲಬ್ ಆ ಕಾರ್ಯಕ್ರಮವನ್ನು ಬಿತ್ತರಿಸಲೇ ಇಲ್ಲ. ನವೆಂಬರ್ 18ರಂದು ಕೀನ್ ಹೊರಬಿದ್ದರು, ಹನ್ನೆರಡು ವರ್ಷದ ನಂಟು ಮುರಿದು. ಹೇಳಿದ ಜಾಗ ತಪ್ಪು ಎನ್ನಬಹುದು, ಒಪ್ಪೋಣ. ಆದರೆ ಆಟಗಾರರು ಹೊಣೆ ಹೊರಬೇಕು ಎಂದು ಎಲ್ಲರಿಗಿಂತ ಜೋರಾಗಿ ಕೇಳಿದ ಆಟಗಾರನಿಗೇ ಆ ಮನೆಯಲ್ಲಿ ಜಾಗವಿರಲಿಲ್ಲ. ಲೆಕ್ಕ ಕೇಳುವ ಹಕ್ಕು ಒಬ್ಬರದೇ ಆಗಿತ್ತು.

ಆ ಹಕ್ಕು ಈಗ ಯಾರ ಬಳಿಯೂ ಇಲ್ಲ. 1995ರ ಬೋಸ್ಮನ್ ತೀರ್ಪಿನ ನಂತರ ಒಪ್ಪಂದ ಮುಗಿದ ಆಟಗಾರ ಕ್ಲಬ್ಬಿಗೆ ಬಿಡಿಗಾಸೂ ಸಿಗದಂತೆ ಎದ್ದು ಹೋಗಬಲ್ಲ. ಇಂಗ್ಲೆಂಡಿನಲ್ಲಿ ದಂಡ ಎಂದರೆ ಸಾಮಾನ್ಯವಾಗಿ ಎರಡು ವಾರದ ಸಂಬಳ. ಕೋಟಿಗಟ್ಟಲೆ ದುಡಿಯುವವನಿಗೆ ಅದು ಸೊಳ್ಳೆ ಕಡಿತ. ಇನ್ನು ಕೋಚ್‌ಗಳ ಆಯಸ್ಸು? ಫರ್ಗುಸನ್ ಜಾಗಕ್ಕೆ ಬಂದ ಡೇವಿಡ್ ಮೋಯ್ಸ್ ಆರು ವರ್ಷಕ್ಕೆ ಸಹಿ ಹಾಕಿ ಹತ್ತು ತಿಂಗಳಲ್ಲಿ ಮನೆಗೆ ಹೋದರು. 2023ರ ಸೆಪ್ಟೆಂಬರಿನಲ್ಲಿ ಆಗಿನ ಯುನೈಟೆಡ್ ಕೋಚ್ ಎರಿಕ್ ಟೆನ್ ಹಾಗ್, ತಮ್ಮ ಆಟಗಾರ ಜೇಡನ್ ಸ್ಯಾಂಚೊ ಅಭ್ಯಾಸದಲ್ಲಿ ಸಾಲದು ಎಂದು ಬಹಿರಂಗವಾಗಿ ಹೇಳಿದರು. ತನ್ನನ್ನು ಬಲಿಪಶು ಮಾಡುತ್ತಿದ್ದಾರೆಂದು ಹುಡುಗ ಸಾಮಾಜಿಕ ಜಾಲತಾಣದಲ್ಲಿ ತಿರುಗೇಟು ಕೊಟ್ಟ. ಮೊದಲ ತಂಡದ ಊಟದ ಕೋಣೆಯ ಬಾಗಿಲೂ ಅವನಿಗೆ ಮುಚ್ಚಿತು. ಜನವರಿಯಲ್ಲಿ ಎರವಲಾಗಿ ಡಾರ್ಟ್ಮಂಡ್‌ಗೆ ಹೋದವನು ಜೂನ್ 1ರಂದು ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಆಡುತ್ತಿದ್ದ. ಅಕ್ಟೋಬರಿನಲ್ಲಿ ಟೆನ್ ಹಾಗ್ ಕೆಲಸವೇ ಹೋಯಿತು. ಇದನ್ನು ನೋಡಿದ ಯಾವ ಆಟಗಾರ ಕೋಚ್‌ಗೆ ಹೆದರಿಯಾನು?

ಮಂಡಳಿ ಬೆನ್ನಿಗೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ನಮ್ಮೂರಿನದೇ ಸಾಕ್ಷಿಯಿದೆ. ಯುನೈಟೆಡ್‌ನ ಕಿರಿಯರ ತಂಡದಲ್ಲಿ ಪಳಗಿ, ಹಿರಿಯರ ತಂಡದಲ್ಲಿ ಒಂದೂ ಪಂದ್ಯ ಆಡದೆ ಹೊರಟ ಆಶ್ಲಿ ವೆಸ್ಟ್‌ವುಡ್ 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಬಂದರು. ಮೈಕಟ್ಟಿನ ವಿಷಯದಲ್ಲಿ ರಿಯಾಯಿತಿ ಕೊಡದ ಕೋಚ್. ಮೊದಲ ಐ-ಲೀಗ್‌ನಲ್ಲೇ ಕಿರೀಟ. 2015ರ ಮೇ 31ರಂದು ಕಂಠೀರವದಲ್ಲಿ, ಇನ್ನೇನು ಮತ್ತೆ ಗೆದ್ದೆವು ಎನ್ನುವಾಗ, ಮೋಹನ್ ಬಾಗಾನ್‌ನ ಬೆಲ್ಲೊ ರಜಾಕ್ ತಲೆ ಕೊಟ್ಟು ಪಂದ್ಯವನ್ನು 1-1 ಮಾಡಿದರು, ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. ಕಿರೀಟ ಕೈತಪ್ಪಿದ್ದಕ್ಕೆ ಕೋಚ್ ತಲೆದಂಡವಾಗಲಿಲ್ಲ. ಮರುವರ್ಷ ಕಿರೀಟ ಮತ್ತೆ ಬೆಂಗಳೂರಿಗೇ ಬಂತು.

ಇದಿಷ್ಟು ಜಮೆಯ ಕಡೆ. ಖರ್ಚಿನ ಪುಟ ಅಮೆರಿಕದಲ್ಲಿದೆ. ಅಲ್ಲಿನ ಮಹಿಳಾ ವೃತ್ತಿಪರ ಲೀಗ್‌ನಲ್ಲಿ ಪಾಲ್ ರೈಲಿ ಎಂಬ ಕೋಚ್ ವಿರುದ್ಧ 2015ರಲ್ಲೇ ಲೈಂಗಿಕ ಕಿರುಕುಳದ ದೂರು ಹೋಗಿತ್ತು. ಪೋರ್ಟ್‌ಲೆಂಡ್ ಕ್ಲಬ್ ಸದ್ದಿಲ್ಲದೆ ಅವರನ್ನು ಕಳಿಸಿತು. ಅದೇ ಲೀಗ್‌ನ ಇನ್ನೊಂದು ಕ್ಲಬ್ ಕರೆದು ಕೆಲಸ ಕೊಟ್ಟಿತು. ಅವರು ಕಪ್ಪುಗಳನ್ನೂ ಗೆದ್ದರು. ಗೆಲ್ಲುವ ಕೋಚ್ ಸ್ವಲ್ಪ ಕಠಿಣ ಇರುತ್ತಾರಪ್ಪ ಎಂಬ ಮಾತಿನ ಚಾದರ ಎಷ್ಟನ್ನು ಮುಚ್ಚಬಲ್ಲದು ನೋಡಿ. 200ಕ್ಕೂ ಹೆಚ್ಚು ಮಂದಿಯನ್ನು ಮಾತಾಡಿಸಿ ತನಿಖೆ ನಡೆಸಿದ ಸ್ಯಾಲಿ ಯೇಟ್ಸ್ 2022ರಲ್ಲಿ ಕೊಟ್ಟ ವರದಿ, ಈ ರೋಗದ ಬೇರು ಮಕ್ಕಳ ತಂಡಗಳಲ್ಲೇ ಬೈಗುಳವನ್ನು ತರಬೇತಿ ಎಂದು ಒಪ್ಪಿಕೊಳ್ಳುವುದರಲ್ಲಿದೆ ಎಂದಿತು. ಮರುವರ್ಷದ ಜನವರಿಯಲ್ಲಿ ರೈಲಿ ಸೇರಿ ನಾಲ್ವರು ಕೋಚ್‌ಗಳಿಗೆ ಲೀಗ್ ಶಾಶ್ವತ ನಿಷೇಧ ಹೇರಿತು.

ಅದಕ್ಕೂ ಮೊದಲೇ, 2021ರ ಅಕ್ಟೋಬರ್ 6ರಂದು, ಆ ಲೀಗ್‌ನ ಪಂದ್ಯಗಳು ಆರನೇ ನಿಮಿಷಕ್ಕೆ ನಿಂತವು. ದೂರು ಕೊಟ್ಟವರ ಮಾತು ಕಿವಿಗೆ ಬೀಳಲು ಹಿಡಿದ ಆರು ವರ್ಷಗಳಿಗಾಗಿ ಆ ಆರನೇ ನಿಮಿಷ. ರೆಫರಿಯ ತೀರ್ಮಾನವಲ್ಲ, ಯಾವ ಕೋಚ್ ಕರೆದದ್ದೂ ಅಲ್ಲ. ಎರಡೂ ತಂಡದ ಆಟಗಾರ್ತಿಯರು ಚೆಂಡನ್ನು ಅಲ್ಲೇ ಬಿಟ್ಟು, ಮೈದಾನದ ನಡುವಿನ ವೃತ್ತಕ್ಕೆ ಬಂದು, ತೋಳಿಗೆ ತೋಳು ಬೆಸೆದು ನಿಂತರು.