ಪಾಯಿಂಟರ್‌ಗೆ ಕನ್ನಡದಲ್ಲಿ ಏನಂತಾರೆ?

ಸ್ಟಾಕ್ ಓವರ್‌ಫ್ಲೋ ಶುರುವಾಗಿದ್ದು 2008ರಲ್ಲಿ. ಆಮೇಲೆ ಪೋರ್ಚುಗೀಸ್, ರಷ್ಯನ್, ಜಪಾನಿ, ಸ್ಪ್ಯಾನಿಶ್ ಭಾಷೆಗಳಿಗೆ ಅದರದ್ದೇ ಬೇರೆ ತಾಣಗಳು ಬಂದವು. ಕನ್ನಡಕ್ಕೆ ಬರಲಿಲ್ಲ. ಬೇಕು ಅಂದರೆ ಮೊದಲು ನಗೋರು ನಮ್ಮವರೇ: ‘ಪಾಯಿಂಟರ್‌ಗೆ ಕನ್ನಡದಲ್ಲಿ ಏನಂತೀಯ ಗುರು?’

ಪಾಯಿಂಟರ್ ಅಂತಲೇ ಅಂತೀನಿ! ನಮ್ಮ ಅರಕಲಗೂಡು ಕಡೆ ಹೊಗೆಸೊಪ್ಪು ಬೆಳೆಯೋರು ಬ್ಯಾರನ್, ಗ್ರೇಡ್, ಬೇಲ್ ಅಂತ ಮಾತಾಡಿಕೊಂಡೇ ರಾಮನಾಥಪುರದ ಹರಾಜಿಗೆ ಹೋಗಿ, ರೇಟಿಗೆ ಜಗಳ ಆಡಿ ಬರ್ತಾರೆ. ಅದು ಕನ್ನಡ ಅಲ್ಲ ಅಂತ ಯಾರಾದರೂ ಅಂದಿದ್ದಾರಾ?

ಹಳ್ಳಿಯಿಂದ ಬಂದ ಹುಡುಗನಿಗೆ ಲೂಪ್ ಎಲ್ಲಿ ಕೆಟ್ಟಿದೆ ಅಂತ ಗೊತ್ತಿರುತ್ತೆ. ಅದನ್ನು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯೋಕೆ ಬರಲ್ಲ. ಹೇಗೋ ಬರೆದರೆ ‘ಪ್ರಶ್ನೆ ಸ್ಪಷ್ಟವಿಲ್ಲ’ ಅಂತ ಮುಚ್ಚುತ್ತಾರೆ. ಅವನು ಕೇಳೋದನ್ನೇ ಬಿಡುತ್ತಾನೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುತ್ತಾನೆ. ಇಂಟರ್‌ವ್ಯೂನಲ್ಲಿ ನಾವು ‘ಲಾಜಿಕ್ ವೀಕು’ ಅಂತ ಬರೆದು ಕಳಿಸ್ತೀವಿ.

ಇಂಗ್ಲಿಷ್ ಬೇಡ ಅಂತಿಲ್ಲ. ಕೆಲಸಕ್ಕೆ ಬೇಕು, ಕಲೀಲಿ. ಆದರೆ ಕಲಿಯೋವರೆಗೆ ಬಾಯಿ ಮುಚ್ಕೊಂಡಿರು ಅನ್ನೋದು ಯಾವ ನ್ಯಾಯ ಸ್ವಾಮಿ? ನಿಮ್ಮ ಟೀಮಿನ ಗ್ರೂಪಲ್ಲಿ, ಕಾಲೇಜಿನ ಗ್ರೂಪಲ್ಲಿ ಯಾರಾದರೂ ಕನ್ನಡದಲ್ಲಿ ಡೌಟ್ ಕೇಳಿದರೆ ‘ಇಂಗ್ಲಿಷಲ್ಲಿ ಕೇಳಿ’ ಅನ್ನಬೇಡಿ. ಉತ್ತರ ಗೊತ್ತಿದ್ದರೆ ಕನ್ನಡದಲ್ಲೇ ಹೇಳಿ.